ಮೊಲಕ್ಕ ತಪ್ಪು ಹೇಳಲಿಲ್ಲ

11 ಫೆಬ್ರವರಿ 2018

ಪ್ರೀತಿಯ ಮೊಲಕ್ಕನಿಗೆ,

ಮೊನ್ನೆ ಫೋನ್ ಮಾಡಿದರೆ ನೀನು "ಆಯ್ತು, ಆಯ್ತು, ಕಾಗದ ಬರಿ" ಎಂದು ಎರಡೇ ಮಾತಿಗೆ ಇಟ್ಟುಬಿಟ್ಟೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳಿಗೆ ಮಂತ್ರಿಗಳಿಗಿಂತ ಗಡಿಬಿಡಿ ಎಂದು ನನಗೆ ಗೊತ್ತಿರಲಿಲ್ಲ. ಇರಲಿ, ನಿನ್ನ ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಜೊತೆಗೆ ಹೊಸ ಡಿಸ್ಕ್ ಇದೆ. ನನ್ನ ನಾಲ್ಕನೆಯದು, ಒಂಬತ್ತು ರಚನೆಗಳು. ಅಚ್ಚಿಗೆ ಕೊಡುವ ಮೊದಲು ನಿನ್ನ ಕಿವಿಗೆ ಬೀಳಬೇಕು.

ಮೂವತ್ತು ವರ್ಷ ಪಿಟೀಲನ್ನು ಎಡಗೆನ್ನೆಗೆ ಒತ್ತಿಕೊಂಡು ನುಡಿಸಿ ನನ್ನ ಎಡಗಿವಿಗೆ ಎತ್ತರದ ಸದ್ದು ಹತ್ತುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಬಲಗಿವಿಯೊಂದನ್ನೇ ನಂಬಿ ಜನರ ಕೈಗೆ ಡಿಸ್ಕ್ ಕೊಡಲು ನನಗೆ ಧೈರ್ಯವಿಲ್ಲ. ಅಪ್ಪ ವಾದ್ಯ ರಿಪೇರಿ ಮಾಡುತ್ತಾ ಕೂತಿದ್ದರೆ ನೀನು ಅಡುಗೆಮನೆಯಿಂದಲೇ "ಮೂರನೇ ತಂತಿ ಕೂದಲಷ್ಟು ಇಳಿದಿದೆ" ಎಂದು ಕೂಗುತ್ತಿದ್ದೆ. ಅಪ್ಪ ನಿನಗೆ ಮೊಲ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ವ್ಯಾಪಾರದ ವಿಷಯ ಕೇಳಬೇಡ. ಕಚೇರಿ ಮುಗಿದ ಮೇಲೆ ಬಾಗಿಲ ಬಳಿ ಸೂಟ್‌ಕೇಸ್ ಬಿಚ್ಚಿ ನಿಲ್ಲುತ್ತೇನೆ. ಜನ ಕೈಕುಲುಕುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಬೆಲೆ ಕೇಳುತ್ತಾರೆ, "ನೆಟ್‌ನಲ್ಲಿ ಇದೆಯಲ್ಲ ಸಾರ್" ಎನ್ನುತ್ತಾರೆ. ಇದೆ. ನೆಟ್‌ನಲ್ಲಿ ಸಾವಿರ ಜನ ಕೇಳಿದರೆ ನನಗೆ ಎರಡು ಲೋಟ ಚಹಾದ ದುಡ್ಡು ಬರುತ್ತದೆ. ಆದರೆ ಕಳೆದ ವಾರ ಒಬ್ಬ ದರ್ಜಿ ಮೂರನೇ ಡಿಸ್ಕ್ ಅನ್ನು ಎರಡನೇ ಸಲ ಕೊಂಡುಕೊಂಡ. ಮೊದಲನೆಯದು ಕೇಳಿ ಕೇಳಿ ಗೀರುಬಿದ್ದಿದೆಯಂತೆ. ಅಂಥವನೊಬ್ಬ ಸಿಕ್ಕಿದರೆ ಒಂದು ತಿಂಗಳು ತಲೆ ಎತ್ತಿ ನಡೆಯುತ್ತೇನೆ. ಹೊಟ್ಟೆಗೆ ಹೇಗೂ ಶಾಲೆಯಲ್ಲಿ ವಾರಕ್ಕೆ ನಾಲ್ಕು ದಿನದ ಪಿಟೀಲು ಪಾಠ ಇದೆ. ಇವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತಾ "ಮೊದಲು ಆ ಸೂಟ್‌ಕೇಸ್ ಖಾಲಿ ಮಾಡಿ, ಆಮೇಲೆ ಹೊಸದು" ಎಂದಳು. ಹೆಂಡತಿ ಹೇಳಿದ್ದು ನ್ಯಾಯವೇ. ಆದರೂ ಕಳಿಸುತ್ತಿದ್ದೇನೆ.

ಎಂದಿನಂತೆ ಮುಲಾಜಿಲ್ಲದೆ ಬೈ.

ನಿನ್ನ ಮರಿ


26 ಫೆಬ್ರವರಿ 2018

ಮರಿ,

ನಾಲ್ಕು ಸಲ ಕೇಳಿದೆ. ನನ್ನ ಡಿಸ್ಕ್ ಹಾಕುವ ಪೆಟ್ಟಿಗೆಯೂ ಹಳೆಯದಾಯಿತು, ಸದ್ದು ಕಡಿಮೆ.

ಮೂರನೆಯದರ ಮಧ್ಯೆ ಕುರ್ಚಿ ಕಿರುಗುಟ್ಟಿದೆ. ಐದನೆಯದರಲ್ಲಿ ಎರಡನೇ ಪಿಟೀಲು ಇಳಿದಿದೆ. ಕೂದಲಷ್ಟಲ್ಲ, ಹಗ್ಗದಷ್ಟು. ಏಳನೆಯದನ್ನು ಎಸೆದುಬಿಡು, ಅದು ನೀನಲ್ಲ, ಯಾರನ್ನೋ ಮೆಚ್ಚಿಸಲು ನುಡಿಸಿದ್ದೀಯ. ಒಂಬತ್ತನೆಯದು ಚೆನ್ನಾಗಿದೆ, ಆದರೆ ಮುಗಿದ ಮೇಲೂ ಅರ್ಧ ನಿಮಿಷ ಎಳೆದಿದ್ದೀಯ. ಚಿಕ್ಕವನಿದ್ದಾಗಲೂ ಹಾಗೇ, ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದು ಏನೋ ಹೇಳುತ್ತಿದ್ದೆ.

ಫೋನ್ ಬೇಡ ಎಂದದ್ದಕ್ಕೆ ಮುನಿಸಿಕೊಳ್ಳಬೇಡ. ಇಲ್ಲಿ ವಸತಿಗೃಹದ ಹಜಾರದಲ್ಲಿ ನಿಂತು ಮಾತಾಡಿದರೆ ಇಡೀ ಮಹಡಿಗೇ ಕೇಳುತ್ತದೆ. ಕಾಗದವಾದರೆ ಇಟ್ಟುಕೊಂಡು ಓದಬಹುದು. ಲಾಂಡ್ರಿಗೆ ಎರಡು ಹೊಸ ಯಂತ್ರ ಬಂದಿವೆ, ಒಂದೊಂದೂ ಒಂದು ಕೋಣೆಯಷ್ಟಿದೆ. ಹಾಸಿಗೆ ಬಟ್ಟೆ ಮಾತ್ರ ಅಷ್ಟೇ ಇದೆ, ಆಳುಗಳು ಕಡಿಮೆಯಾದರು.

ಸರಿಯಾಗಿ ಉಣ್ಣು. ಹೆಂಡತಿಯ ಮಾತು ಕೇಳು.

ಅಕ್ಕ


20 ಜೂನ್ 2018

ಮೊಲಕ್ಕ,

ನೀನು ಹೇಳಿದ್ದನ್ನೆಲ್ಲ ತಿದ್ದಿದೆ, ಏಳನೆಯದನ್ನು ಎಸೆದೆ. ಈಗ ಕೂತುಕೊಂಡು ಓದು: ನಾನೂರು ಡಿಸ್ಕ್ ಮೂರು ತಿಂಗಳಲ್ಲಿ ಹೋಗಿವೆ. ಡೌನ್‌ಲೋಡ್ ಬೇರೆ. ಸೂಟ್‌ಕೇಸ್ ಖಾಲಿ. ಇವಳು ಅದನ್ನು ತೊಳೆದು ಬಿಸಿಲಿಗಿಟ್ಟು, ಚಳಿಗಾಲದ ಬಟ್ಟೆ ತುಂಬಿದಳು.

ಪುಸ್ತಕದಂಗಡಿಗಳಿಗೆ ಡಿಸ್ಕ್ ಹಂಚುವ ಒಬ್ಬರು ಮನೆಗೇ ಬಂದಿದ್ದರು. ದಪ್ಪನೆಯ ಮನುಷ್ಯ, ಮೆಟ್ಟಿಲು ಹತ್ತಿ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಹೇಳಿದರು, "ಮುಂದಿನದು ಈ ವರ್ಷದೊಳಗೆ ಕೊಡಿ, ಆರುನೂರು ನಾನು ಎತ್ತುತ್ತೀನಿ. ಜನ ನಿಮ್ಮನ್ನ ಮರೆಯೋ ಮುಂಚೆ ಕೊಡಿ." ಬಿಕರಿಯಾಗದಿದ್ದರೆ ವಾಪಸ್ ಕಳಿಸುವ ಹಕ್ಕು ಅವರದು. ಆದರೆ ಅಕ್ಕ, ಆರುನೂರು! ವರ್ಷಕ್ಕೆ ಅಂಥದೊಂದು ಡಿಸ್ಕ್ ಆದರೆ ಬರೀ ಸಂಗೀತ ಮಾರಿಯೇ ಮನೆ ನಡೆಸಬಹುದು. ಮಕ್ಕಳಿಗೆ ಕಮಾನು ಹಿಡಿಯಲು ಕಲಿಸುತ್ತಾ ಹದಿನಾರು ವರ್ಷ ಕಳೆದೆ. ಅವರಲ್ಲಿ ಎಷ್ಟು ಜನ ಇವತ್ತು ಪಿಟೀಲು ಮುಟ್ಟುತ್ತಾರೋ ನನಗೆ ಗೊತ್ತಿಲ್ಲ.

ಹೊಸ ನಾಲ್ಕು ರಚನೆಗಳನ್ನು ಕಳಿಸಿದ್ದೇನೆ. ಮನೆಯಲ್ಲಿ ಮುದ್ರಿಸಿದ್ದು, ಕಚ್ಚಾ. ಹಾದಿ ಸರಿಯಿದೆಯೇ ಹೇಳು. ನೀನು ಹೇಳುವವರೆಗೂ ಶಾಲೆಯ ಬಗ್ಗೆ ಏನನ್ನೂ ಯೋಚಿಸುವುದಿಲ್ಲ.

ಮರಿ


15 ಜುಲೈ 2018

ಮರಿ,

ತಡವಾಯಿತು, ಕೋಪಿಸಿಕೊಳ್ಳಬೇಡ.

ನಾಲ್ಕನ್ನೂ ಕೇಳಿದೆ. ತುಂಬ ಚೆನ್ನಾಗಿವೆ. ಕೆಳಗಿನ ತಂತಿಯಲ್ಲಿ ನೀನು ಉಳಿದುಕೊಳ್ಳುವ ಜಾಗಗಳು ಎದೆಗೆ ನಾಟುತ್ತವೆ. ತಪ್ಪು ಎಂದು ಹೇಳುವಂಥದ್ದು ಏನೂ ಸಿಗಲಿಲ್ಲ.

ನಾನೂರು ಮಾರಿತು ಎಂದು ಓದಿ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಇಸ್ತ್ರಿ ವಿಭಾಗದವಳಿಗೆ ಹೇಳಿದೆ. ನನ್ನ ತಮ್ಮ ಎಂದೆ. ಅವಳು ಕಾಗದವನ್ನು ಕಸಿದುಕೊಂಡು ಓದಿದಳು.

ಅಕ್ಕ


22 ಜುಲೈ 2018

ಮೊಲಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದರೆ ಇವಳು ಯಾರದೋ ಪ್ರೇಮಪತ್ರ ಇರಬೇಕೆಂದು ಹಿಂದಿನಿಂದ ಬಂದು ಇಣುಕಿದಳು. "ತಪ್ಪು ಏನೂ ಸಿಗಲಿಲ್ಲ." ನನ್ನ ಇಡೀ ಜನ್ಮದಲ್ಲಿ ನಿನ್ನ ಬಾಯಿಂದ ಈ ಮಾತು ಬಂದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಬಹುಮಾನ ಗೆದ್ದು ಓಡಿಬಂದಾಗ ನೀನು ಏನೆಂದೆ ನೆನಪಿದೆಯೆ? "ಎರಡು ಕಡೆ ತಾಳ ಓಡಿಸಿದೆ, ತೀರ್ಪುಗಾರರು ಕಿವುಡರು." ಆವತ್ತು ಬಹುಮಾನದ ಬಟ್ಟಲನ್ನು ಮಂಚದ ಕೆಳಗೆ ತಳ್ಳಿ ಅತ್ತಿದ್ದೆ. ನಿನ್ನ ಬೈಗುಳ ತಿಂದೇ ಬೆಳೆದವನಿಗೆ ಇದೊಂದು ಸಾಲು ಸಾಕು.

ಶಾಲೆಯಲ್ಲಿ ಆರು ತಿಂಗಳ ದೀರ್ಘ ರಜೆ ಕೊಟ್ಟಿದ್ದಾರೆ. ಹೆಡ್‌ಮಾಸ್ಟರು ಒಳ್ಳೆಯವರು. ಔಷಧಿ ಅಂಗಡಿಯ ಮೇಲಿನ ಕೋಣೆ ಖಾಲಿಯಿತ್ತು, ಧ್ವನಿಮುದ್ರಣಕ್ಕೆಂದು ಬಾಡಿಗೆಗೆ ಹಿಡಿದೆ. ಕಿಟಕಿಗಳಿಗೆ ಕಂಬಳಿ ಹೊಡೆದು, ಬಾಗಿಲಿಗೆ ಹಾಸಿಗೆ ಒರಗಿಸಿ, ಗೂಡು ಕಟ್ಟಿದ ಹಾಗೆ ಕೂತಿದ್ದೇನೆ. ಆಗಸ್ಟ್ ಕೊನೆಗೆ ಪೂರ್ತಿ ಡಿಸ್ಕ್ ನಿನ್ನ ಕೈಯಲ್ಲಿರುತ್ತದೆ.

ಮರಿ


3 ಸೆಪ್ಟೆಂಬರ್ 2018

ಮರಿ,

ಡಿಸ್ಕ್ ಬಂತು. ಒಂಬತ್ತನ್ನೂ ಹಾಕಿ ಕೂತೆ. ನಾಲ್ಕನೆಯದಕ್ಕೆ ಮೇಜೇ ನಡುಗಿತು. ಹೇಳಲು ಏನೂ ಇಲ್ಲ. ಅಚ್ಚಿಗೆ ಕೊಡು.

ನಿನ್ನ ಹೆಂಡತಿಗೂ ಒಂದು ಸಲ ಕೇಳಿಸು. ಇಬ್ಬರು ಕೇಳಿದರೆ ಒಳ್ಳೆಯದು.

ನನ್ನನ್ನು ಯಂತ್ರದ ಕೋಣೆಯಿಂದ ಮಡಿಸುವ ಮೇಜಿಗೆ ಹಾಕಿದ್ದಾರೆ. ಸೊಂಟಕ್ಕೆ ಹಗುರ. ನೀನು ದುಡ್ಡಿನ ಆತುರಕ್ಕೆ ಶಾಲೆಯನ್ನು ಮಾತ್ರ ಬಿಡಬೇಡ, ರಜೆ ಮುಗಿದ ಕೂಡಲೇ ಹೋಗು.

ಅಕ್ಕ


9 ನವೆಂಬರ್ 2018

ಮೊಲಕ್ಕ,

ಅವಸರದಲ್ಲಿ ನಾಲ್ಕು ಸಾಲು. ಸಾವಿರ ಡಿಸ್ಕ್ ಬಂದಿವೆ. ಆರುನೂರು ಆ ದಪ್ಪ ಮನುಷ್ಯ ವ್ಯಾನ್ ತಂದು ಒಯ್ದರು. ಉಳಿದವು ಮಂಚದ ಕೆಳಗೆ, ಊಟದ ಮೇಜಿನ ಕೆಳಗೆ, ಬಚ್ಚಲಿನ ಅಟ್ಟದ ಮೇಲೆ ಕೂತಿವೆ. ಮುಂದಿನ ವಾರ ರೇಡಿಯೊದಲ್ಲಿ ಭಾನುವಾರ ಬೆಳಗಿನ ಕಾರ್ಯಕ್ರಮಕ್ಕೆ ಹಾಕುತ್ತಾರಂತೆ. ಆ ದರ್ಜಿಗೂ ಹೇಳಿ ಕಳಿಸಿದ್ದೇನೆ.

ಮರಿ


20 ಡಿಸೆಂಬರ್ 2018

ಮರಿ,

ಕಾಗದ ಬಂದು ಒಂದೂವರೆ ತಿಂಗಳಾಯಿತು. ಡಿಸ್ಕ್ ಹೇಗೆ ಹೋಗುತ್ತಿದೆ? ರೇಡಿಯೊದಲ್ಲಿ ಏನೆಂದರು? ದೊಡ್ಡ ಮನುಷ್ಯನಾದ ಮೇಲೆ ಅಕ್ಕನಿಗೆ ಬರೆಯಲು ಪುರುಸೊತ್ತಿಲ್ಲ ಎಂದರೆ ಸಂತೋಷವೇ, ಅದನ್ನಾದರೂ ಬರೆ.

ನಮ್ಮಲ್ಲಿ ಎಂಟು ಜನ ನಿನ್ನ ಡಿಸ್ಕ್ ಬೇಕು ಎಂದಿದ್ದಾರೆ. ದುಡ್ಡು ಕೂಡಿಸಿ ಇಟ್ಟಿದ್ದೇನೆ.

ಅಕ್ಕ


14 ಜನವರಿ 2019

ಅಕ್ಕನಿಗೆ,

ಎಂಟು ಏಕೆ, ಎಂಟುನೂರು ಕಳಿಸಬಲ್ಲೆ. ದುಡ್ಡೂ ಬೇಡ.

ರೇಡಿಯೊದವರು ಎರಡನೆಯ ರಚನೆಯನ್ನು ಅರ್ಧಕ್ಕೆ ನಿಲ್ಲಿಸಿದರು. "ತಾಂತ್ರಿಕ ತೊಂದರೆ, ಕೇಳುಗರು ಮನ್ನಿಸಬೇಕು" ಎಂದರು. ತೊಂದರೆ ಅವರದೆಂದು ನಾನು ನಂಬಿದ್ದೆ. ಮೂರು ದಿನಕ್ಕೆ ಕೊಂಡವರ ಕಾಗದಗಳು ಶುರುವಾದವು. ಡಿಸ್ಕ್‌ನಲ್ಲಿ ಸೀಟಿ ಇದೆ. ಮೊದಲಿನಿಂದ ಕೊನೆಯ ತನಕ, ಒಂಬತ್ತರಲ್ಲೂ, ತೆಳ್ಳಗೆ, ಎತ್ತರದಲ್ಲಿ, ಒಂದು ಗಳಿಗೆಯೂ ಬಿಡದ ಸೀಟಿ. ಒಬ್ಬಾಕೆ ತನ್ನ ನಾಯಿ ಎದ್ದು ಹೊರಗೆ ಓಡಿತೆಂದು ಬರೆದಿದ್ದಾಳೆ. ಧ್ವನಿಮುದ್ರಣ ಮಾಡುವ ಗೆಳೆಯನ ಬಳಿ ಒಯ್ದೆ. ಪರದೆಯ ಮೇಲೆ ತೋರಿಸಿದ: ನನ್ನ ಸಂಗೀತದ ತಲೆಯ ಮೇಲೆ ದಾರ ಕಟ್ಟಿದ ಹಾಗೆ ಒಂದು ನೇರ ಗೆರೆ. ಕೆಳಗಿನ ಔಷಧಿ ಅಂಗಡಿಯ ಫ್ರಿಜ್ಜಿನ ಸದ್ದು ತಂತಿಯ ಮೂಲಕ ಹತ್ತಿಕೊಂಡಿತ್ತು. "ಇದು ನಿನಗೆ ನಿಜವಾಗಲೂ ಕೇಳಿಸ್ತಾ ಇಲ್ವಾ?" ಎಂದು ಕೇಳಿದ. ಕೇಳಿಸುತ್ತಿರಲಿಲ್ಲ.

ಆರುನೂರರಲ್ಲಿ ಐನೂರ ಎಪ್ಪತ್ತು ವಾಪಸ್ ಬಂದವು. ದರ್ಜಿ ಮಾತ್ರ ಮರಳಿಸಲಿಲ್ಲ, ನನ್ನನ್ನು ಬೀದಿಯಲ್ಲಿ ಕಂಡು ಪಕ್ಕದ ಓಣಿಗೆ ತಿರುಗಿಕೊಂಡ.

ಇನ್ನೊಂದು ಕೇಳು. ಅಚ್ಚಿಗೆ ಕೊಡುವ ಹಿಂದಿನ ದಿನ ಇವಳು ಕೇಳಿ, "ಏನೋ ಸೀಟಿ ಥರ ಬರ್ತಾ ಇದೆಯಲ್ರಿ" ಎಂದಿದ್ದಳು. ನಾನು ನಕ್ಕೆ. "ಮೊಲಕ್ಕ ಕೇಳಿ ಆಗಿದೆ. ಅವಳಿಗೆ ಸಿಗದ್ದು ನಿನಗೆ ಸಿಕ್ತಾ?" ಎಂದೆ. ಅವಳು ಆಮೇಲೆ ಬಾಯಿ ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ. ಬೆಳಿಗ್ಗೆ ಊಟ ಕಟ್ಟಿಕೊಂಡು ಹೋಗುತ್ತಾಳೆ, ಸಂಜೆ ಬಂದು ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಮಲಗುತ್ತಾಳೆ.

ರಜೆಯ ಮಾತು ಸುಳ್ಳು. ಜುಲೈನಲ್ಲೇ ಶಾಲೆಗೆ ರಾಜೀನಾಮೆ ಕೊಟ್ಟೆ, ನಿನ್ನ ಕಾಗದ ಬಂದ ಮೂರನೇ ದಿನ. ಈಗ ಹೋಗಿ ಕೇಳಿದರೆ ನನ್ನ ಜಾಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಚೆನ್ನಾಗಿ ಕಲಿಸುತ್ತಾಳೆ. ಕಿಟಕಿಯಲ್ಲಿ ನಿಂತು ನೋಡಿ ಬಂದೆ.

ಅಕ್ಕ, ನೀನು ಅದನ್ನು ಕೇಳಿದೆಯೋ ಇಲ್ಲವೋ? ಕೇಳದೆಯೇ ಅಚ್ಚಿಗೆ ಕೊಡು ಎಂದೆಯಾ? ಅಷ್ಟಕ್ಕೂ ನಿನಗೆ ಪುರುಸೊತ್ತಿರಲಿಲ್ಲವೆ? ಅಥವಾ ಕೇಳಿಯೂ ಸುಮ್ಮನಿದ್ದೆಯಾ? ವಾರದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಅಪ್ಪನ ಬಳಿ ಒಬ್ಬರ ಪಾಠಕ್ಕಾಗುವಷ್ಟೇ ದುಡ್ಡಿತ್ತು. ನಿನ್ನ ಕೈಯಿಂದ ಪಿಟೀಲು ತೆಗೆದು ನನಗೆ ಕೊಟ್ಟರು. ನೀನು ನನಗಿಂತ ಚೆನ್ನಾಗಿ ನುಡಿಸುತ್ತಿದ್ದೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷ ಅದನ್ನು ನೀನು ನುಂಗಿಕೊಂಡೆ. ಕೊನೆಗೆ ಒಂದು ಸಲ, ಬೇಕೆಂದೇ, ತಪ್ಪನ್ನು ಹಾಗೇ ಬಿಟ್ಟುಬಿಟ್ಟೆಯಾ?

ಉತ್ತರ ಬರೆ. ಬರೆಯದಿದ್ದರೆ ಅದೇ ಉತ್ತರ ಎಂದುಕೊಳ್ಳುತ್ತೇನೆ.


2 ಮಾರ್ಚ್ 2019

ಮರಿ,

ಉತ್ತರ ಬರೆಯಲು ಏಳು ವಾರ ಬೇಕಾಯಿತು. ಆರು ಸಲ ಬರೆದು ಹರಿದೆ.

ನನಗೆ ಕಿವಿ ಕೇಳಿಸುವುದಿಲ್ಲ.

ಬಲಗಿವಿ ಹೋಗಿ ಮೂರು ವರ್ಷವಾಯಿತು. ಎಡಗಿವಿ ಕಳೆದ ವಸಂತದಿಂದ ಬೇಗ ಬೇಗ ಇಳಿಯುತ್ತಾ ಹೋಯಿತು. ಫೆಬ್ರವರಿಯ ಡಿಸ್ಕ್ ಅನ್ನು ಪೆಟ್ಟಿಗೆಗೆ ತಲೆ ಆನಿಸಿಕೊಂಡು ಕೇಳಿದೆ. ನಾಲ್ಕು ಸಲ ಎಂದದ್ದು ನಿಜ, ಒಂದೇ ಸಲಕ್ಕೆ ಸಾಲುತ್ತಿರಲಿಲ್ಲ. ಅದೇ ನಾನು ಕೇಳಿದ ಕೊನೆಯ ಸಂಗೀತ. ಜುಲೈನಲ್ಲಿ ಕೆಳಗಿನ ತಂತಿ ಮಾತ್ರ, ಗೋಡೆಯಾಚೆ ಯಾರೋ ಗೊಣಗಿದ ಹಾಗೆ. ಸೆಪ್ಟೆಂಬರಿನಲ್ಲಿ ಏನೂ ಇಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ಕೂತಿದ್ದೆ. ಮರ ನಡುಗಿದ್ದು ಕೈಗೆ ಗೊತ್ತಾಯಿತು, ಅದನ್ನೇ ಬರೆದೆ. ಸೀಟಿಗೆ ಮರ ನಡುಗುವುದಿಲ್ಲ.

ಏಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಯಂತ್ರದ ಕೋಣೆಯಲ್ಲಿ ಗಂಟೆ ಹೊಡೆದಾಗ ಯಂತ್ರ ನಿಲ್ಲಿಸುವ ಗುಂಡಿ ಒತ್ತುವುದು ನನ್ನ ಕೆಲಸ. ಕಿವುಡಿ ಎಂದರೆ ಅವತ್ತೇ ಮನೆಗೆ ಕಳಿಸುತ್ತಾರೆ. ಅದು ಒಂದು ಕಾರಣ. ಅಷ್ಟೇ ಆಗಿದ್ದರೆ ನಿನಗೊಬ್ಬನಿಗೆ ಗುಟ್ಟಾಗಿ ಹೇಳಬಹುದಿತ್ತು. ನಿನಗೆ ಹೇಳಲಿಲ್ಲ ಏಕೆಂದರೆ ನೀನು ನನಗೆ ಬರೆಯುವುದೇ ನನ್ನ ಕಿವಿಗಾಗಿ. ನಿನ್ನ ಹಳೆಯ ಕಾಗದಗಳೆಲ್ಲ ನನ್ನ ಬಳಿ ಇವೆ. ಎಲ್ಲದರಲ್ಲೂ ಒಂದು ಡಿಸ್ಕ್, ಇಲ್ಲವೇ ಡಿಸ್ಕ್‌ನ ಮಾತು ಇದೆ. ಡಿಸ್ಕ್ ಇಲ್ಲದೆ, ಸುಮ್ಮನೆ ಅಕ್ಕನ ನೆನಪಾಯಿತು ಎಂದು ಬಂದ ಕಾಗದ ಒಂದೂ ಇಲ್ಲ. ಕಿವಿ ಹೋಯಿತು ಎಂದರೆ ಕಾಗದವೂ ಹೋಗುತ್ತದೆ ಎಂದುಕೊಂಡೆ. ಹೀಗೆ ಬರೆಯುವುದು ನಿನ್ನ ಮೇಲಿನ ದೂರಲ್ಲ, ಕೇಳಿದ್ದೀಯ ಎಂದು ಹೇಳುತ್ತಿದ್ದೇನೆ.

ತಪ್ಪು ಸಿಗಲಿಲ್ಲ ಎಂದರೆ ನೀನು ಖುಷಿಪಡುತ್ತೀಯ ಎಂದಷ್ಟೇ ಯೋಚಿಸಿದೆ. ಅದನ್ನು ನಂಬಿ ಕೆಲಸ ಬಿಡುತ್ತೀಯ ಎಂದು ಹೊಳೆಯಲಿಲ್ಲ.

ಇನ್ನೊಂದನ್ನು ಯಾರಿಗೂ ಬರೆದಿಲ್ಲ. ಆಗಸ್ಟ್‌ನಲ್ಲಿ ಇಸ್ತ್ರಿಯ ಉರುಳೆಗೆ ನಮ್ಮವಳ ಕೈ ಸಿಕ್ಕಿತು. ನಿನ್ನ ಕಾಗದ ಕಸಿದುಕೊಂಡು ಓದಿದವಳು, ಅವಳೇ. ನಾನು ಗುಂಡಿಯ ಪಕ್ಕದಲ್ಲಿ, ಬೆನ್ನು ಹಾಕಿ ನಿಂತಿದ್ದೆ. ಅವಳು ಎಷ್ಟು ಕೂಗಿದಳೋ. ಬೇರೆಯವರು ಓಡಿಬಂದು ನಿಲ್ಲಿಸುವಷ್ಟರಲ್ಲಿ ಮೂರು ಬೆರಳು ಹೋಗಿದ್ದವು. ಯಂತ್ರದ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಮೇಲಿನವರಿಗೆ ಹೇಳಿದೆ, ನಂಬಿದರು, ಮಡಿಸುವ ಮೇಜಿಗೆ ಹಾಕಿದರು. ಈಗ ಅವಳೂ ಅಲ್ಲೇ ಇದ್ದಾಳೆ, ನನ್ನ ಎದುರು, ಒಂದೂವರೆ ಕೈಯಲ್ಲಿ ದಿಂಬಿನ ಚೀಲ ಮಡಿಸುತ್ತಾಳೆ. ನಿನ್ನ ಜನವರಿಯ ಕಾಗದ ಓದಿದ ಮೇಲೆ ಅವಳಿಗೆ ನಿಜ ಹೇಳಿದೆ. ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿ ಮುಗಿಸಿದಳು. ಆಮೇಲೆ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು: "ಗೊತ್ತಿತ್ತು."

ಪಿಟೀಲಿನ ಮಾತು ಎತ್ತಿದ್ದೀಯ. ಹೌದು, ಹೊಟ್ಟೆಕಿಚ್ಚಿತ್ತು. ತುಂಬ ವರ್ಷ ಇತ್ತು. ನಿನ್ನ ಬಹುಮಾನದ ದಿನ ನೀನು ಎಲ್ಲೂ ಓಡಿಸಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಆದರೆ ಈ ಡಿಸ್ಕ್‌ಗೆ ಮಾಡಿದ್ದು ಅದರಿಂದಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಅಕ್ಕ


28 ಜೂನ್ 2019

ಅಕ್ಕನಿಗೆ,

ಈ ಕಾಗದದ ಜೊತೆ ಡಿಸ್ಕ್ ಇಲ್ಲ.

ಬೇಕರಿಯ ವ್ಯಾನ್ ಓಡಿಸುತ್ತಿದ್ದೇನೆ. ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ಡು ಹಾಕಿದರೆ ಮಧ್ಯಾಹ್ನಕ್ಕೆ ಬಿಡುವು. ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಕರಗಿಸುವವರು ತೂಕಕ್ಕೆ ಒಯ್ದರು. ತೂಗುವವನು ಮೇಲಿನ ಚಿತ್ರ ನೋಡಿ, "ಇವರು ತೀರಿಕೊಂಡ್ರಾ?" ಎಂದು ಕೇಳಿದ. ಹೌದು ಎಂದೆ. ಒಳ್ಳೆಯ ಪಿಟೀಲನ್ನೂ ಮಾರಿದೆ. ಇವಳು ಮೊದಲ ಸಲ ಬಾಯಿಬಿಟ್ಟು "ಅದೊಂದು ಇರಲಿ" ಎಂದಳು. ಆಗಲೇ ಕೊಟ್ಟಾಗಿತ್ತು.

ನಿನ್ನ ಕಾಗದವನ್ನು ನಾನು ನಂಬಲಿಲ್ಲ. ಹಾಗೇ ಬರೆಯುತ್ತಿದ್ದೇನೆ, ನನ್ನನ್ನು ಏನೆಂದಾದರೂ ತಿಳಿದುಕೋ. ತಪ್ಪಿಸಿಕೊಳ್ಳಲು ಕಟ್ಟಿದ ಕಥೆ ಎಂದೇ ಅನಿಸಿತು. ನೋಡಿಯೇ ಬರುತ್ತೇನೆ ಎಂದು ಹನ್ನೆರಡನೇ ತಾರೀಖು ನಿಮ್ಮೂರಿಗೆ ಬಂದೆ. ಕಾವಲುಗಾರ ಲಾಂಡ್ರಿಯ ಬಾಗಿಲು ತೋರಿಸಿದ. ನೀನು ಬೆನ್ನು ಹಾಕಿ ನಿಂತಿದ್ದೆ. ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ಗೊತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ನಿಂತು ಮೊಲಕ್ಕ ಎಂದೆ. ಯಂತ್ರಗಳು ನಿಂತಿದ್ದವು, ಅಷ್ಟೊಂದು ಗದ್ದಲವಿರಲಿಲ್ಲ. ಇನ್ನೊಮ್ಮೆ ಕರೆದೆ. ಮೂರನೇ ಸಲ ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ನೀನು ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದು, ಒದರಿ, ಮಡಿಸಿದೆ. ಇನ್ನೊಂದನ್ನು ಎತ್ತಿಕೊಂಡೆ.

ನಿನ್ನ ಎದುರಿದ್ದವಳು, ಬೆರಳಿಲ್ಲದವಳು, ನಿನ್ನನ್ನು ತಟ್ಟಲು ಕೈ ಎತ್ತಿದಳು. ನಾನು ಬೇಡ ಎಂದು ಸನ್ನೆ ಮಾಡಿದೆ. ಹೊರಗೆ ಬಂದು ಬಸ್ಸು ಹತ್ತಿದೆ. ಜನವರಿಯಲ್ಲಿ ಬರೆದದ್ದನ್ನೆಲ್ಲ ಹೊತ್ತುಕೊಂಡು ನಿನ್ನ ಮುಖದ ಮುಂದೆ ನಿಲ್ಲಲು ನನಗಾಗಲಿಲ್ಲ.

ವಾಪಸ್ ಬಂದು ಕಿವಿ ಡಾಕ್ಟರ ಬಳಿ ಹೋದೆ. ನನ್ನ ಎಡಗಿವಿ ಹಾಳಾದದ್ದು ಪಿಟೀಲಿನಿಂದಲ್ಲವಂತೆ. ಮನೆತನದಲ್ಲಿ ಯಾರಿಗಾದರೂ ಇದೆಯೆ ಎಂದು ಕೇಳಿದರು. ಅಪ್ಪ ಕೊನೆಯ ವರ್ಷಗಳಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದದ್ದು ನೆನಪಾಯಿತು. ಬಲಗಿವಿಗೂ ಹತ್ತಿದೆ. ಐದು ವರ್ಷವೋ, ಎಂಟೋ, ಹೇಳಲು ಬರುವುದಿಲ್ಲ ಎಂದರು. ಇವಳಿಗೆ ಇನ್ನೂ ತಿಳಿಸಿಲ್ಲ.

ಯಾವ ಸದ್ದು ಮೊದಲು ಹೋಗುತ್ತದೆ, ಅಕ್ಕ? ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ಮರಿ


6 ಜುಲೈ 2019

ಮರಿ,

ನೀನು ಬಂದದ್ದು ನನಗೆ ಅವತ್ತೇ ಗೊತ್ತಾಯಿತು. ನೀನು ಬಾಗಿಲು ದಾಟಿದ ಮೇಲೆ ಅವಳು ಮೇಜು ತಟ್ಟಿ ತೋರಿಸಿದಳು. ಏಪ್ರನ್‌ನಲ್ಲೇ ಬಸ್ ನಿಲ್ದಾಣದ ತನಕ ಓಡಿದೆ. ಮರಿ ಮರಿ ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೋ ನನಗೆ ತಿಳಿಯದು, ಜನ ದಾರಿ ಬಿಟ್ಟು ನಿಂತರು. ಬಸ್ಸು ಹೋಗಿತ್ತು. ನೀನಾಗಿ ಬರೆಯುವ ತನಕ ಬರೆಯಬಾರದು ಎಂದು ಸುಮ್ಮನಿದ್ದೆ.

ಮೊದಲು ಹಕ್ಕಿಗಳು ಹೋಗುತ್ತವೆ. ನಿನಗೆ ಗೊತ್ತಾಗುವುದೂ ಇಲ್ಲ, ಈ ವರ್ಷ ಹಕ್ಕಿ ಕಡಿಮೆ ಎಂದುಕೊಳ್ಳುತ್ತೀಯ. ಆಮೇಲೆ ಮಕ್ಕಳ ಮಾತು, ಹೆಂಗಸರ ಮಾತು. ಮಾತು ಕೇಳಿಸುತ್ತದೆ, ಪದ ಹತ್ತುವುದಿಲ್ಲ. ಎಲ್ಲರೂ ಬಾಯೊಳಗೆ ಮಾತಾಡುತ್ತಾರೆಂದು ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಹೆಂಡತಿಯ ಮೇಲೆ ಹಾಕಬೇಡ. ಗಂಡಸರ ದನಿ ಸ್ವಲ್ಪ ಕಾಲ ಉಳಿಯುತ್ತದೆ. ಪಿಟೀಲಿನ ಕೆಳಗಿನ ತಂತಿ ಎಲ್ಲಕ್ಕಿಂತ ಕೊನೆಗೆ. ಪೂರ್ತಿ ಹೋದ ಮೇಲೂ ಒಳಗೆ ಒಂದು ಮೊರೆತ ಇರುತ್ತದೆ, ಅದು ನಿಲ್ಲುವುದಿಲ್ಲ. ಮೊದಲ ಆರು ತಿಂಗಳು ಅದೇ ಕಷ್ಟ. ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಚಚ್ಚಿಕೊಂಡೂ ನೋಡಿದ್ದೇನೆ, ಪ್ರಯೋಜನವಿಲ್ಲ. ಕೈಗೆ ಕೆಲಸ ಕೊಡು.

ಹೆಂಡತಿಗೆ ಇವತ್ತೇ ಹೇಳು. ನನ್ನ ಹಾಗೆ ಮಾಡಬೇಡ.

ಈ ಲಾಂಡ್ರಿಯನ್ನು ಸೆಪ್ಟೆಂಬರಿನಿಂದ ಹೊರಗಿನವರಿಗೆ ಕೊಡುತ್ತಾರಂತೆ. ನಮ್ಮಿಬ್ಬರನ್ನು ಅವರು ಇಟ್ಟುಕೊಳ್ಳುವುದಿಲ್ಲ, ಒಬ್ಬಳಿಗೆ ಕಿವಿಯಿಲ್ಲ, ಒಬ್ಬಳಿಗೆ ಬೆರಳಿಲ್ಲ. ಅಲ್ಲಿಯ ತನಕ ಇದೇ ವಿಳಾಸಕ್ಕೆ ಬರೆ.

ಬಾ. ಬಂದರೆ ಹಿಂದೆ ನಿಂತು ಕರೆಯಬೇಡ. ಹೆಗಲು ಮುಟ್ಟು.

ಅಕ್ಕ